ಚೆ ಗುವೇರಾನ ಉಬ್ಬಸ

ನಮ್ಮ ಹಾಸ್ಟೆಲ್‌ನಲ್ಲಿ ಚೆ ಗುವೇರಾನ ಟೀ ಶರ್ಟ್ ತೊಡುವವರಿಗೆ ಕೊರತೆಯಿಲ್ಲ. ಆತನಿಗೆ ಅಸ್ತಮಾ ಇತ್ತೆಂದು ಗೊತ್ತಿರುವವರು ಮಾತ್ರ ಕಡಿಮೆ. ನನಗೂ ಅದೇ ಕಾಯಿಲೆ ಇರುವುದರಿಂದ ನಾನು ಹುಡುಕಿ ಓದಿದ್ದು ಅದನ್ನೇ.

1928ರಲ್ಲಿ ಅರ್ಜೆಂಟೀನಾದ ರೊಸಾರಿಯೊದಲ್ಲಿ ಹುಟ್ಟಿದ ಚೆಗೆ ಎರಡರ ವಯಸ್ಸಿಗೇ ಉಬ್ಬಸ ಶುರುವಾಯಿತು. ಮನೆಯವರು ಅವನಿಗಾಗಿಯೇ ಒಣಹವೆಯ ಆಲ್ಟಾ ಗ್ರಾಸಿಯಾಕ್ಕೆ ಹೋಗಿ ನೆಲೆಸಿದರು. ಅವನು ರಗ್ಬಿ ಆಡುವಾಗ ಮೈದಾನದಂಚಿನಲ್ಲಿ ಗೆಳೆಯನೊಬ್ಬ ಇನ್ಹೇಲರ್ ಹಿಡಿದು ನಿಂತಿರುತ್ತಿದ್ದ. 1953ರಲ್ಲಿ ಡಾಕ್ಟರ್ ಆದ, ಅಲರ್ಜಿಯ ಬಗ್ಗೆ ಸಂಶೋಧನೆಯನ್ನೂ ಮಾಡಿದ.

ಇಷ್ಟು ತಿಳಿದವನೇ 1956ರಲ್ಲಿ ಮೆಕ್ಸಿಕೊದಿಂದ ಕ್ಯೂಬಾಕ್ಕೆ ಹೊರಟ ‘ಗ್ರಾನ್ಮಾ’ ದೋಣಿಯನ್ನು ಗಡಿಬಿಡಿಯಲ್ಲಿ ಇನ್ಹೇಲರ್ ಇಲ್ಲದೆ ಹತ್ತಿದ್ದ! ಬೊಲಿವಿಯಾದಲ್ಲಂತೂ ಪಾಡು ಇನ್ನೂ ಕೆಟ್ಟದು. 1967ರ ಜುಲೈನಲ್ಲಿ ಆಹಾರ, ಔಷಧಿಗಾಗಿ ಅವನ ತಂಡ ಸಮೈಪಾಟಾ ಎಂಬ ಊರಿಗೇ ನುಗ್ಗಿತು. ಏನೇನೋ ಔಷಧಿ ಸಿಕ್ಕಿತು, ಅಸ್ತಮಾದ್ದು ಸಿಗಲಿಲ್ಲ. ಗುಹೆಯಲ್ಲಿ ಬಚ್ಚಿಟ್ಟಿದ್ದ ಔಷಧಿ ಆಗಸ್ಟ್‌ನಲ್ಲಿ ಸೈನ್ಯದ ಪಾಲಾಯಿತು. ಅಕ್ಟೋಬರ್ 9ರಂದು ಸೈನಿಕರು ಅವನನ್ನು ಕೊಂದರು. ಆಗ ಅವನಿಗೆ ಬರೀ 39 ವರ್ಷ.

ಅವನು ನೆಚ್ಚಿಕೊಂಡಿದ್ದ ಅಡ್ರಿನಲಿನ್ ಉಸಿರುನಾಳವನ್ನು ತುಸು ಹೊತ್ತು ಸಡಿಲಿಸುತ್ತದೆ, ಅಷ್ಟೆ. ನಾಳದೊಳಗಿನ ಊತ ಇಳಿಸಲು ನಾನು ಉಬ್ಬಸವಿಲ್ಲದ ದಿನವೂ ಬೆಳಿಗ್ಗೆ, ರಾತ್ರಿ ತಪ್ಪದೆ ಎಳೆದುಕೊಳ್ಳುವ ಸ್ಟೀರಾಯ್ಡ್ ಇನ್ಹೇಲರ್ ಮಾರುಕಟ್ಟೆಗೆ ಬಂದದ್ದು 1972ರಲ್ಲಿ.