ಕಸೂತಿಯ ಹೂವಿಗೂ ಬೆಲೆ ತಂದ ಕಮಲಾದೇವಿ

ಧಾರವಾಡ ಸೀಮೆಯ ಹೆಣ್ಣುಮಕ್ಕಳು ಮದುವೆಯ ಚಂದ್ರಕಾಳಿ ಸೀರೆಗೆ ಕಸೂತಿ ಹಾಕುವಾಗ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುತ್ತಿರಲಿಲ್ಲ. ಎಳೆ ಎಣಿಸುತ್ತ, ಗಂಟು ಹಾಕದೆ, ಗವಂತಿ, ಮುರಗಿ, ನೇಯ್ಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಕಮಲ, ತುಳಸಿಕಟ್ಟೆ, ಗೋಪುರಗಳನ್ನು ಮೂಡಿಸುತ್ತಿದ್ದರು. ನವಲಗುಂದದ ಜಮಖಾನೆಯ ನವಿಲು, ಪಗಡೆಹಾಸುಗಳೂ ಮನೆಯ ಮಗ್ಗದ ಮುಂದೆ ಕುಳಿತ ಮಹಿಳೆಯರ ಕೈಚಳಕವೇ. ವಿನ್ಯಾಸಗಳು ಉಳಿದವು; ವಿನ್ಯಾಸಕಿಯರ ಹೆಸರುಗಳು ಉಳಿಯಲಿಲ್ಲ. ಇಂತಹ ಅನಾಮಿಕ ಕೈಗಳ ಪರವಾಗಿ ನಿಂತ ಕನ್ನಡನಾಡಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ.

1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ವಿವಾಹವಾಗಿ ಬೇಗನೆ ವಿಧವೆಯಾದರು. ಸಮಾಜದ ಕಟ್ಟುಪಾಡಿಗೆ ಮಣಿಯದೆ ಓದು ಮುಂದುವರಿಸಿ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು.

ಸ್ವಾತಂತ್ರ್ಯಾನಂತರ ಅವರು ಅಧಿಕಾರದ ರಾಜಕಾರಣದಿಂದ ದೂರ ಸರಿದು ಕುಶಲಕರ್ಮಿಗಳತ್ತ ತಿರುಗಿದರು. ಗಿರಣಿ ಬಟ್ಟೆ ಹಾಗೂ ಯಂತ್ರದ ಅಚ್ಚಿನ ಹೂಗಳೆದುರು ಕೈಕಸುಬು ಸೊರಗುತ್ತಿದ್ದ ಕಾಲವದು. ಬರಿಯ ಅನುಕಂಪದಿಂದ ಕಲೆ ಉಳಿಯದು, ಅದಕ್ಕೆ ಮಾರುಕಟ್ಟೆ ಬೇಕೆಂಬುದನ್ನು ಅವರು ಮನಗಂಡಿದ್ದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ದೆಹಲಿಯ ಕಾಟೇಜ್ ಎಂಪೋರಿಯಂ ಹಳ್ಳಿಯ ಕಸುಬಿಗೂ ನಗರದ ಗ್ರಾಹಕರಿಗೂ ಸೇತುವೆಯಾಯಿತು. ಶ್ರೀಕಾಳಹಸ್ತಿಯಲ್ಲಿ ನಶಿಸುತ್ತಿದ್ದ ಕಲಂಕಾರಿಗೆ ತರಬೇತಿ ಕೇಂದ್ರದ ಆಸರೆ ದೊರೆಯಿತು. ನುರಿತ ಕುಶಲಕರ್ಮಿಗಳನ್ನು ಹೆಸರು ಹಿಡಿದು ಗೌರವಿಸುವ ರಾಷ್ಟ್ರಪ್ರಶಸ್ತಿ 1965ರಲ್ಲಿ ಆರಂಭವಾಯಿತು. 1977ರಲ್ಲಿ ಭಾರತೀಯ ಕಸೂತಿ ಕಲೆಯ ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು.

1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಅವರನ್ನರಸಿ ಬಂದವು. 1988ರ ಅಕ್ಟೋಬರ್ 29ರಂದು ಅವರು ನಿಧನರಾದರು.

ಸ್ವತಃ ಸೂಜಿ ಹಿಡಿದು ಹೆಸರಾದವರಲ್ಲ ಕಮಲಾದೇವಿ. ಆದರೆ ಸೂಜಿ ಹಿಡಿದವಳೂ ಕಲಾವಿದೆಯೇ, ಅವಳ ದುಡಿಮೆಗೂ ನ್ಯಾಯವಾದ ಬೆಲೆ ಸಲ್ಲಬೇಕು ಎಂಬುದನ್ನು ದೇಶಕ್ಕೆ ಮನದಟ್ಟು ಮಾಡಿದರು. ಎಳೆ ಎಣಿಸುವ ಕೈಗೆ ತಕ್ಕ ಕೂಲಿ ದೊರೆತಾಗಲೇ ಆ ಕೆಲಸ ಪೂರ್ಣವಾದೀತು.