ಶಿವಪ್ಪನಾಯಕನ ಹನ್ನೆರಡು ವರ್ಷದ ಲೆಕ್ಕ

ಜೆಇಇ ಮೇನ್ ಫಾರ್ಮ್ ತುಂಬುವಾಗ ಬಿ.ಪ್ಲಾನಿಂಗ್ ಅಂತ ಒಂದು ಆಯ್ಕೆ ಇತ್ತಲ್ಲ, ನಮ್ಮಲ್ಲಿ ಹೆಚ್ಚಿನವರು ನೋಡಿಯೂ ನೋಡದ ಹಾಗೆ ಮುಂದೆ ಹೋದವರೇ. ನಾಲ್ಕು ವರ್ಷದ ಡಿಗ್ರಿ ಅದು. ಒಂದು ಸೀಮೆಯ ನೆಲ, ನೀರು, ದಾರಿ, ಸಂತೆ, ಜನ ಎಲ್ಲವನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕೋದನ್ನ ಕಲಿಸ್ತಾರೆ. ನಮ್ಮ ಸೊರಬ, ಶಿಕಾರಿಪುರದ ಕಡೆ ಈ ಕೆಲಸವನ್ನ ಡಿಗ್ರಿ ಇಲ್ಲದೆ ಮಾಡಿದವನು ಕೆಳದಿಯ ಶಿವಪ್ಪನಾಯಕ.

1645ರಲ್ಲಿ ವೀರಭದ್ರನಾಯಕನ ನಂತರ ಪಟ್ಟಕ್ಕೆ ಬಂದ. ರಾಜಧಾನಿ ಬಿದನೂರು, ಅಂದರೆ ಈಗಿನ ಹೊಸನಗರ ತಾಲೂಕಿನ ನಗರ. ವಿಜಯನಗರದ ಕೊನೆಯ ಅರಸ ಶ್ರೀರಂಗರಾಯನಿಗೆ ಆಶ್ರಯ ಕೊಟ್ಟ, ಹೊನ್ನಾವರ, ಮಂಗಳೂರುಗಳ ಕೋಟೆಯಿಂದ ಪೋರ್ಚುಗೀಸರನ್ನ ಎಬ್ಬಿಸಿದ. ಯುದ್ಧದ ಕಥೆ ಎಲ್ಲಾ ಪುಸ್ತಕದಲ್ಲೂ ಇದೆ, ಬಿಡಿ. ಜನ ಮಾತ್ರ ಅವನನ್ನ ಇವತ್ತಿಗೂ ಶಿಸ್ತಿನ ಶಿವಪ್ಪನಾಯಕ ಅಂತಲೇ ಕರೆಯೋದು. ಈ ಶಿಸ್ತು ಪಿಟಿ ಮೇಷ್ಟ್ರು ಹೇಳೋ ಶಿಸ್ತಲ್ಲ, ಭೂಮಿಗೆ ಕಟ್ಟಿದ ಕಂದಾಯ.

ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಬಸ್ಸಲ್ಲಿ ಬಂದರೆ ಅವನಿಗಿದ್ದ ಸಮಸ್ಯೆ ಕಿಟಕಿಯಲ್ಲೇ ಕಾಣುತ್ತೆ. ಚಂದ್ರಗುತ್ತಿ ಕಡೆ ಕಾಡು, ಅಡಿಕೆ ತೋಟ, ಜೋರು ಮಳೆ. ಶಿಕಾರಿಪುರ ಅರೆಮಲೆನಾಡು, ಕೆರೆ ನಂಬಿದ ಬೇಸಾಯ. (ಕೆಳದಿಯವರ ಕಾಲದಲ್ಲಿ ಅದರ ಹೆಸರು ಮಹಾದಾನಪುರ. ಶಿಕಾರಿ ಸೇರಿಕೊಂಡದ್ದು ಹೈದರ್, ಟಿಪ್ಪು ಕಾಲಕ್ಕೆ.) ಎರಡೂ ಕಡೆ ಒಂದೇ ತೆರಿಗೆ ಹಾಕಿದ್ರೆ ಒಂದು ಕಡೆಯ ರೈತ ಊರು ಬಿಡ್ತಾನೆ. ಅವನು ಹೋದರೆ ಗದ್ದೆ ಪಾಳು, ಕೆರೆಗೆ ಹೂಳು, ಬೊಕ್ಕಸವೂ ಖಾಲಿ.

ಅವನು ಮಾಡಿದ್ದು ಇಷ್ಟು, ರೈಸ್ ಸಾಹೇಬರ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಾಗಿದೆ. ಹಳ್ಳಿ ಹಳ್ಳಿಯಲ್ಲಿ ಒಂದೊಂದು ಗದ್ದೆ ಹಿಡಿದು 12 ವರ್ಷ ಸತತ ಬೆಳೆಸಿದ. ಬಿತ್ತನೆ ಎಷ್ಟು, ಖರ್ಚೆಷ್ಟು, ಫಸಲೆಷ್ಟು, ಮಾರುಕಟ್ಟೆಯಲ್ಲಿ ಬೆಲೆ ಎಷ್ಟು, ಎಲ್ಲಾ ಬರೆಸಿಟ್ಟ. ಮಣ್ಣು ಮತ್ತು ನೀರು ನೋಡಿ ಭೂಮಿಯನ್ನ ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಅಂತ ಐದು ದರ್ಜೆ ಮಾಡಿದ. (ಕೊನೆಯದು ನಮ್ಮ ಎಂ-3 ರಿಸಲ್ಟ್ ಥರ ಕೇಳಿಸುತ್ತೆ.) ಆಮೇಲೆ ಸರಾಸರಿ ತೆಗೆದು ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಅಂತ ನಿಗದಿ ಮಾಡಿದ. ಆಳಿದ್ದೇ 15 ವರ್ಷ, ಲೆಕ್ಕಕ್ಕೆ ಹನ್ನೆರಡು! ನಾವು ಸರ್ವೆ ಕ್ಯಾಂಪಲ್ಲಿ ಎರಡನೇ ರೀಡಿಂಗ್ ತಗೊಳ್ಳೋಕೂ ಬೇಜಾರು ಪಡ್ತೀವಿ.

ಮೂರನೇ ಒಂದು ಪಾಲು ಕಡಿಮೆಯೇನಲ್ಲ. ಸರಾಸರಿಯಲ್ಲಿ ಇನ್ನೊಂದು ತೊಡಕೂ ಇದೆ: ಮಳೆ ಕೈಕೊಟ್ಟ ವರ್ಷ ರೈತನ ಕಣಜದಲ್ಲಿ ಸರಾಸರಿ ಇರಲ್ಲ. ಆದ್ರೂ ಏನು ಕೊಡಬೇಕು ಅನ್ನೋದು ಬಿತ್ತೋ ಮೊದಲೇ ಗೊತ್ತಿದ್ದದ್ದು ದೊಡ್ಡ ಧೈರ್ಯ ಅಂತಲೇ ನಮಗನ್ನಿಸುತ್ತೆ. ಘಟ್ಟ ಇಳಿದರೆ ಬಂದರು, ಗೋವೆಯ ಪೋರ್ಚುಗೀಸರಿಗೂ ಕನ್ನಡ ಕರಾವಳಿಯ ಅಕ್ಕಿಯೇ ಬೇಕಿತ್ತು. ಬೆಳೆದರೆ ಕೊಳ್ಳೋರು ಇದ್ದರು.

1660ರಲ್ಲಿ ಶಿವಪ್ಪನಾಯಕ ತೀರಿಕೊಂಡ. ಆಮೇಲೆ ಬಂದವರು ಅವನ ಶಿಸ್ತನ್ನ ಹಾಗೇ ಇಟ್ಕೊಂಡು, ಅದರ ಮೇಲೆ ಒಂದೊಂದೇ ಪಟ್ಟಿ ಹೇರುತ್ತಾ ಹೋದರು. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೆ ಈಗ ಅವನದೇ ಹೆಸರು.

ಅಡಿಕೆ ತೋಟ ಅಳೆಯೋ ಗಳೆ ಬೇರೆಯೇ ಇತ್ತು, 18 ಅಡಿ 6 ಇಂಚು. ಆ ಅಳತೆ ತೆಗೆದದ್ದು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ನಡುಗಂಬಗಳ ಅಂತರದಿಂದ. ಗಳೆಯ ಮೇಲೆ ಅನುಮಾನ ಬಂದರೆ ನೋಡೋಕೆ ಕಂಬಗಳು ಅಲ್ಲೇ ಇದ್ದವು, ಈಗಲೂ ಇವೆ. ರಜೆಗೆ ಊರಿಗೆ ಹೋದಾಗ ಸಾಗರದ ಬಸ್ ಹತ್ತಿ, ಟೇಪ್ ಮರೀಬೇಡಿ.