ಬಿನೆಯ ಆಯಸ್ಕಾಂತ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಯಾಕಿಲ್ಲ?

ಆಲ್ಫ್ರೆಡ್ ಬಿನೆ ಯಾರು ಅಂತ ಮನೋವಿಜ್ಞಾನ ಓದುವ ಯಾವ ಬಿ.ಎ. ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ರೆಡಿ ಇರುತ್ತೆ: ಫ್ರಾನ್ಸ್, 1905, ಬುದ್ಧಿಮಾಪನ, ಜೊತೆಗಾರ ಥಿಯೋಡೋರ್ ಸಿಮೋನ್. ಐದು ಅಂಕ. ನಾನು ಪಾಠ ಮಾಡುವ ತರಗತಿಯಲ್ಲೂ ಇದೇ ಕತೆ. ಆ ಐದು ಅಂಕದಿಂದ ಹೊರಗುಳಿದ ಬಿನೆಯ ಬಗ್ಗೆ ನನಗೆ ಹೆಚ್ಚು ಆಸಕ್ತಿ.

1857ರಲ್ಲಿ ನೀಸ್‌ನಲ್ಲಿ ಹುಟ್ಟಿದ ಬಿನೆ ಕಾನೂನು ಓದಿ ಕೈಬಿಟ್ಟ. ಮನೋವಿಜ್ಞಾನವನ್ನು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೂತು ತಾನೇ ಕಲಿತ. ಆಮೇಲೆ ಸೇರಿದ್ದು ಸಾಲ್‌ಪೆಟ್ರಿಯೇರ್ ಆಸ್ಪತ್ರೆಗೆ. ಅಲ್ಲಿ ಶಾರ್ಕೋ ಎಂಬ ವೈದ್ಯನ ಮಾತೇ ವೇದವಾಕ್ಯ. ಬಿನೆ ಮತ್ತು ಫೆರೆ ಸೇರಿ ಸಮ್ಮೋಹನಕ್ಕೊಳಗಾದ ರೋಗಿಗಳ ಹತ್ತಿರ ಆಯಸ್ಕಾಂತ ಹಿಡಿದರು. ಬಲಗೈಯ ಪಾರ್ಶ್ವವಾಯು ಎಡಗೈಗೆ ದಾಟಿತು, ಭಾವನೆಗಳು ತಿರುವುಮುರುವಾದವು. ದೊಡ್ಡ ಶೋಧ ಅಂತ ಇಬ್ಬರೂ ಪ್ರಕಟಿಸಿಯೂ ಬಿಟ್ಟರು.

ಬೆಲ್ಜಿಯಂನ ಡೆಲ್‌ಬಫ್ ಪ್ಯಾರಿಸ್‌ಗೆ ಬಂದು ಕಣ್ಣಾರೆ ನೋಡಿದ. ಆಯಸ್ಕಾಂತವನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಏನು ಆಗಬೇಕು ಎಂಬುದನ್ನು ರೋಗಿಯ ಮುಂದೆಯೇ ಮಾತಾಡಿಕೊಳ್ಳುತ್ತಿದ್ದರು. ಕೆಲಸ ಮಾಡಿದ್ದು ಕಾಂತಶಕ್ತಿ ಅಲ್ಲ, ಸೂಚನೆ. ಬಿನೆ ಮೊದಮೊದಲು ಜಗಳವಾಡಿದ. ಕೊನೆಗೆ ಒಪ್ಪಿಕೊಂಡು ಆ ಆಸ್ಪತ್ರೆಯಿಂದ ಹೊರಬಿದ್ದ.

ಮುಂದೆ ಆತ ಮಾಡಿದ್ದು ನನಗೆ ತುಂಬಾ ಇಷ್ಟ. ತನ್ನನ್ನು ಕೆಡವಿದ ಸೂಚನೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡ. ಶಾಲಾ ಮಕ್ಕಳಿಗೆ ಒಂದಾದ ಮೇಲೊಂದು ಗೆರೆ ತೋರಿಸಿ, ಅಷ್ಟೇ ಉದ್ದದ ಗೆರೆ ಎಳೆಯಲು ಹೇಳಿದ. ಮೊದಲ ಕೆಲವು ಗೆರೆ ಉದ್ದವಾಗುತ್ತಾ ಹೋಗುತ್ತಿದ್ದವು, ಉಳಿದವೆಲ್ಲ ಒಂದೇ ಅಳತೆ. ಆದರೂ ಬಹಳ ಮಕ್ಕಳು ಉದ್ದವಾಗಿಯೇ ಎಳೆಯುತ್ತಾ ಹೋದರು. ಪ್ರಶ್ನೆ ಕೇಳುವ ರೀತಿಯೇ ಮಗುವಿನ ನೆನಪನ್ನು ದಾರಿ ತಪ್ಪಿಸುತ್ತೆ ಅಂತಲೂ ತೋರಿಸಿದ. ಇದೆಲ್ಲ 1900ರ ಅವನ ಪುಸ್ತಕದಲ್ಲಿದೆ. ಪೊಲೀಸ್ ವಿಚಾರಣೆಯನ್ನೋ ಟಿವಿ ಆ್ಯಂಕರ್‌ಗಳ ಪ್ರಶ್ನೆಗಳನ್ನೋ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತೆ.

ನಂತರ ಬಂದಿದ್ದು ಆ 1905. ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ನೆರವು ಕೊಡಲು ಅವರನ್ನು ಗುರುತಿಸಬೇಕಿತ್ತು. 30 ಚಟುವಟಿಕೆಗಳ ಮಾಪಕ ಸಿದ್ಧವಾಯಿತು. ಬುದ್ಧಿಯಲ್ಲಿ ಬಿನೆಗೆ ಮುಖ್ಯವಾಗಿ ಕಂಡಿದ್ದು ವಿವೇಚನೆ, ತನ್ನ ಉತ್ತರವನ್ನು ತಾನೇ ತಿದ್ದುವ ಶಕ್ತಿ. ಹತ್ತು-ಹನ್ನೊಂದರ ಮಕ್ಕಳಿಗೆ ಅಸಂಬದ್ಧ ವಾಕ್ಯ ಓದಿ ಹೇಳಿ, ಇದರಲ್ಲಿ ಏನು ತಪ್ಪಿದೆ ಅಂತ ಕೇಳುವ ಪರೀಕ್ಷೆಯನ್ನೂ ಇಟ್ಟ. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಬೆಳೆಯಲ್ಲ ಎನ್ನುವವರನ್ನು ಕಟುವಾಗಿ ವಿರೋಧಿಸಿದ.

1911ರಲ್ಲಿ, 54ನೇ ವಯಸ್ಸಿನಲ್ಲಿ ತೀರಿಕೊಂಡ. ಬುದ್ಧಿಯನ್ನು ಒಂದೇ ಅಂಕಿಗೆ ಇಳಿಸಿದ ಐಕ್ಯೂ ಸೂತ್ರ ಅವನದ್ದಲ್ಲ, 1912ರಲ್ಲಿ ಜರ್ಮನಿಯ ಸ್ಟರ್ನ್ ಕೊಟ್ಟಿದ್ದು. ಅಮೆರಿಕದಲ್ಲಿ ಗೊಡಾರ್ಡ್ ಇದೇ ಮಾಪಕ ಹಿಡಿದು ಎಲ್ಲಿಸ್ ದ್ವೀಪದಲ್ಲಿ ಬಡ ವಲಸಿಗರಿಗೆ ಮಂದಬುದ್ಧಿಯ ಹಣೆಪಟ್ಟಿ ಹಚ್ಚಿದ. ಟರ್ಮನ್ 1916ರಲ್ಲಿ ಪರಿಷ್ಕರಿಸಿದ ಆವೃತ್ತಿಯನ್ನು ವಿ.ವಿ. ಕಾಮತ್ ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರ ಪುಸ್ತಕ ಬಂದಿದ್ದು 1940ರಲ್ಲಿ. ಬಿನೆ-ಕಾಮತ್ ಪರೀಕ್ಷೆ ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ.

ಮೀಸಲಾತಿ ಚರ್ಚೆ ಬಂದ ಕೂಡಲೇ ಮೆರಿಟ್ ರಕ್ತದಲ್ಲೇ ಇರುತ್ತೆ ಎನ್ನುವವರಿಗೆ ಕೊರತೆಯಿಲ್ಲ. ಕೈಯಲ್ಲಿ ಐಕ್ಯೂ ಚಾರ್ಟ್ ಬೇರೆ. ಅವರಿಗೆ ಉತ್ತರ ಕೊಡಬೇಕಾದವರು ಮನೋವಿಜ್ಞಾನದ ವಿದ್ಯಾರ್ಥಿಗಳು. ಆದರೆ ಸಾಕ್ಷ್ಯವನ್ನು ತೂಗಿ ನೋಡಲು ನಾವು ಅವರಿಗೆ ಅಂಕವನ್ನೇ ಇಟ್ಟಿಲ್ಲವಲ್ಲ?

ಹಾಗಾಗಿ ಇಸವಿ ಕೇಳುವ ಬದಲು ಆಯಸ್ಕಾಂತದ ಪ್ರಯೋಗವನ್ನು ಹೆಸರಿಲ್ಲದೆ ಅರ್ಧ ಪುಟದಲ್ಲಿ ಕೊಡೋಣ. ಈ ಫಲಿತಾಂಶಕ್ಕೆ ಬೇರೆ ಏನು ಕಾರಣ ಇರಬಹುದು? ಅದನ್ನು ಪರೀಕ್ಷಿಸೋದು ಹೇಗೆ? ಯಾವ ಸಾಕ್ಷ್ಯ ಸಿಕ್ಕರೆ ನೀನು ಅಭಿಪ್ರಾಯ ಬದಲಿಸುತ್ತೀಯ? ರೋಗಿಗೂ ಪ್ರಯೋಗ ಮಾಡುವವನಿಗೂ ಗೊತ್ತಾಗದಂತೆ ಆಯಸ್ಕಾಂತದ ಜಾಗದಲ್ಲಿ ಮರದ ತುಂಡು ಇಡಬೇಕು ಅಂತ ಬರೆದವರಿಗೆ ಪೂರ್ತಿ ಅಂಕ. ಬಿನೆಯ ಹೆಸರು ನೆನಪಾಗದಿದ್ದರೂ ಸರಿ. ಇದಕ್ಕೆ ಹೊಸ ಪಠ್ಯಕ್ರಮವೇನೂ ಬೇಕಿಲ್ಲ, ಮುಂದಿನ ಇಂಟರ್ನಲ್ಸ್‌ನಲ್ಲೇ ಶುರು ಮಾಡಬಹುದು.